ಮಣ್ಣಿನ ಅಂಗಳ

ಊರುಗಳು ಹುಟ್ಟುವ ಕಾರಣಗಳು ಹಲವು. ಕೆಲವು ಕೋಟೆಯ ಆಶ್ರಯದಲ್ಲಿ ಹುಟ್ಟುತ್ತವೆ. ಕೆಲವು ನದಿಯ ದಡದಲ್ಲಿ, ಕೆಲವು ಸಂತೆಯ ಸುತ್ತ, ಇನ್ನು ಕೆಲವು ದೇವಾಲಯದ ನೆರಳಿನಲ್ಲಿ ಬೆಳೆಯುತ್ತವೆ. ಬೆಂಗಳೂರಿನ ದಂಡು ಪ್ರದೇಶದ ಪುಲಿಕೇಶಿನಗರ ಹುಟ್ಟಿದ್ದು ಇವಾವುದರಿಂದಲೂ ಅಲ್ಲ. ಅದು ಹುಟ್ಟಿದ್ದು ಒಂದು ಮಹಾಮಾರಿಯ ಭಯದಿಂದ. ಇನ್ನೂ ಸರಿಯಾಗಿ ಹೇಳುವುದಾದರೆ, ಆ ಮಾರಿ ಕಲಿಸಿದ ಪಾಠದಿಂದ.

೧೮೦೯ರ ಹೊತ್ತಿಗೆ ಬ್ರಿಟಿಷರ ಸೈನ್ಯ ಬೆಂಗಳೂರಿನ ಪೂರ್ವದಲ್ಲಿ ಬೀಡುಬಿಟ್ಟಿತು. ಸೈನ್ಯದ ಹಿಂದೆ ವರ್ತಕರು, ಕುಶಲಕರ್ಮಿಗಳು, ಕೂಲಿಕಾರರು ಬಂದರು. ದಂಡಿನ ಬಜಾರುಗಳ ಸುತ್ತ ಮನೆಗೆ ಮನೆ ಅಂಟಿಕೊಂಡು, ಗಾಳಿ ಬೆಳಕುಗಳಿಗೆ ಎಡೆಯಿಲ್ಲದ ಓಣಿಗಳು ತುಂಬಿಕೊಂಡವು. ೧೮೯೮ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ ಅದಕ್ಕೆ ಅನುಕೂಲವಾದ ನೆಲೆ ಇಂತಹ ಓಣಿಗಳಲ್ಲಿ ದೊರೆಯಿತು. ಸಾವಿರಾರು ಜನ ಸತ್ತರು. ಉಳಿದವರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಕಿಕ್ಕಿರಿದ ವಸತಿಯೇ ಒಂದು ರೋಗ ಎಂಬ ಅರಿವು ಆಗ ಆಡಳಿತಗಾರರಿಗೆ ಬಂದಿತು. ನಗರದ ಭಾಗದಲ್ಲಿ ಬಸವನಗುಡಿ, ಮಲ್ಲೇಶ್ವರಗಳೂ ದಂಡಿನ ಭಾಗದಲ್ಲಿ ಫ್ರೇಜರ್ ಟೌನೂ ಈ ಅರಿವಿನ ಫಲವಾಗಿ ಬೆಳೆದ ಬಡಾವಣೆಗಳು. ೧೯೦೬ರಲ್ಲಿ ಫ್ರೇಜರ್ ಟೌನಿಗೆ ಅಸ್ತಿಭಾರ ಬಿದ್ದಿತು. ಮೈಸೂರಿನ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಅದಕ್ಕೆ ಬಂದಿತು. ದಂಡಿನ ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಪ್ಲೇಗು ಸುಳಿಯದಂತಹ ಊರನ್ನು ಕಟ್ಟುವುದು ಹೇಗೆಂಬುದನ್ನು ಕುರಿತು ೧೯೧೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ೧೯೮೮ರಲ್ಲಿ ಈ ಬಡಾವಣೆಗೆ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಿಕೇಶಿಯ ಹೆಸರನ್ನು ಇಡಲಾಯಿತು.

ಆ ಕಾಲದ ಯೋಜಕರ ಕಲ್ಪನೆ ಸರಳವಾದುದು. ನೇರವಾದ ಅಗಲವಾದ ರಸ್ತೆಗಳಿರಬೇಕು. ಮನೆಗೂ ಮನೆಗೂ ನಡುವೆ ತೆರೆದ ನೆಲವಿರಬೇಕು. ಪ್ರತಿಯೊಂದು ಕೋಣೆಗೂ ಸೂರ್ಯನ ಬೆಳಕು ತಲಪಬೇಕು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂಬ ಸತ್ಯ ಆಗತಾನೆ ವಿಜ್ಞಾನಿಗಳಿಗೆ ಹೊಳೆಯುತ್ತಿದ್ದಿತು. ಆದರೂ ಮನೆಯ ಸುತ್ತ ಬಿಟ್ಟ ಬಯಲು ಮನೆಯ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂಬ ಅವರ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಆ ಬಯಲು ಬಹುಬೇಗ ತೋಟವಾಯಿತು. ಸೀಬೆ, ನಿಂಬೆ, ಸಪೋಟ, ಬೆಣ್ಣೆಹಣ್ಣಿನ ಮರಗಳು ಬೆಳೆದವು; ಕಾಂಪೌಂಡಿನ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿತು; ಅಡುಗೆಮನೆಯ ಹಿಂದೆ ಕರಿಬೇವು, ನುಗ್ಗೆ, ಬಾಳೆಗಳಿಗೆ ಜಾಗ ದೊರೆಯಿತು. ಹೀಗೆ ಸಾವಿನ ಭಯದಿಂದ ಬಿಟ್ಟ ನೆಲ ಬದುಕಿನ ಚೆಲುವಾಗಿ ಮಾರ್ಪಟ್ಟಿತು.

ಒಂದು ಶತಮಾನ ಕಳೆದಿದೆ. ಇಂದು ಆ ನೆಲ ಮತ್ತೆ ಮುಚ್ಚಿಹೋಗುತ್ತಿದೆ. ತೋಟದ ಮನೆಯಿದ್ದಲ್ಲಿ ನಾಲ್ಕೈದು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಕಟ್ಟಡದಿಂದ ಉಳಿದ ಅಲ್ಪಸ್ವಲ್ಪ ಜಾಗಕ್ಕೂ ಕಾಂಕ್ರೀಟು ಬೀಳುತ್ತಿದೆ, ಇಲ್ಲವೆ ನುಣುಪಾದ ಕಲ್ಲು ಹಾಸಲಾಗುತ್ತಿದೆ. ವಾಹನ ನಿಲ್ಲಿಸಲು ಅನುಕೂಲ, ಗುಡಿಸಲು ಸುಲಭ, ಮಳೆಯಲ್ಲಿ ಕೆಸರಿಲ್ಲ, ನೋಡುವುದಕ್ಕೂ ಅಂದ ಎಂದು ಜನ ಹೇಳುತ್ತಾರೆ. ಈ ಮಾತುಗಳಲ್ಲಿ ನಿಜವಿಲ್ಲದಿಲ್ಲ. ಆದರೆ ಅಂಗಳದ ಮಣ್ಣು ಮನೆಯೊಡೆಯನ ಅಭಿರುಚಿಗೆ ಮಾತ್ರ ಸಂಬಂಧಿಸಿದ ವಿಷಯವೆ? ಅಥವಾ ಅದರ ಮೇಲೆ ನೆರೆಹೊರೆಯವರಿಗೂ ಊರಿಗೂ ಏನಾದರೂ ಹಕ್ಕಿದೆಯೆ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೊದಲು ಮಳೆಯ ಲೆಕ್ಕವನ್ನು ನೋಡಬೇಕು.

ಕರಾವಳಿಯ ಮಂಗಳೂರಿನಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್ ತಿಂಗಳಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಮಳೆ ಬೇರೊಂದು ಬಗೆಯದು. ವರ್ಷದ ಸರಾಸರಿ ಸುಮಾರು ೯೭೦ ಮಿಲಿಮೀಟರು. ಅದು ಒಂದೇ ಬಾರಿಗೆ ಬಾರದೆ ಕಂತುಗಳಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯ ಗುಡುಗು ಸಿಡಿಲಿನ ಮಳೆ. ಜೂನ್ ತಿಂಗಳಿಂದ ನೈಋತ್ಯ ಮಾರುತದ ತುಂತುರು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರುಮಳೆ. ಅನಂತರ ಈಶಾನ್ಯ ಮಾರುತ ಹೊತ್ತು ತರುವ ಹಿಂಗಾರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುವ ಮಾತು ಬೇಸಗೆಯ ಈ ಮೊದಲ ಕಂತಿನ ಮಹತ್ವವನ್ನು ತಿಳಿಸುತ್ತದೆ. ತೋಟ ಮಾಡುವವನಿಗೆ ಇದಕ್ಕಿಂತ ಅನುಕೂಲವಾದ ಮಳೆ ಇನ್ನೊಂದಿಲ್ಲ. ವರ್ಷದ ಏಳೆಂಟು ತಿಂಗಳು ಆಕಾಶವೇ ಆಗಾಗ ಬಂದು ಗಿಡಗಳಿಗೆ ನೀರೆರೆದು ಹೋಗುತ್ತದೆ.

ಈ ಮಳೆಯ ಪ್ರಮಾಣವೆಷ್ಟು? ಲೆಕ್ಕ ಸುಲಭ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ನಿವೇಶನದ ವಿಸ್ತೀರ್ಣ ೧,೨೦೦ ಚದರಡಿ. ಎಂದರೆ ಸುಮಾರು ೧೧೧ ಚದರ ಮೀಟರು. ಇಷ್ಟು ಚಿಕ್ಕ ನಿವೇಶನದ ಮೇಲೆ ವರ್ಷವೊಂದಕ್ಕೆ ಬೀಳುವ ನೀರು ಒಂದು ಲಕ್ಷ ಲೀಟರಿಗಿಂತ ಹೆಚ್ಚು. ಒಬ್ಬ ಮನುಷ್ಯನಿಗೆ ದಿನಕ್ಕೆ ೧೩೫ ಲೀಟರು ನೀರು ಬೇಕೆಂದು ಎಣಿಸುವುದು ನಗರಗಳಲ್ಲಿ ರೂಢಿ. ಆ ಪ್ರಕಾರ ನಾಲ್ವರಿರುವ ಕುಟುಂಬಕ್ಕೆ ದಿನಕ್ಕೆ ೫೪೦ ಲೀಟರು ಬೇಕು. ಆ ನಿವೇಶನದ ಮೇಲೆ ಬಿದ್ದ ಮಳೆಯಲ್ಲಿ ಐದರಲ್ಲೊಂದು ಪಾಲು ಕೈತಪ್ಪಿ ಹೋದರೂ ಉಳಿದದ್ದು ಆ ಕುಟುಂಬದ ಐದು ತಿಂಗಳ ಬಳಕೆಗೆ ಸಾಲುವಷ್ಟು. ಇಷ್ಟು ನೀರನ್ನು ಬಹುತೇಕ ಮನೆಗಳು ಒಂದು ಕೊಳವೆಯ ಮೂಲಕ ರಸ್ತೆಯ ಮೋರಿಗೆ ಬಿಡುತ್ತವೆ. ಅದಾದ ಮೇಲೆ ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ದೂರುತ್ತವೆ.

ನಲ್ಲಿಯ ನೀರಿನ ಕಥೆಯೂ ತಿಳಿದಿರಬೇಕಾದುದೇ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಮೊದಲಿಗೆ ಊರು ತನ್ನ ಕೆರೆಬಾವಿಗಳನ್ನು ನಂಬಿ ಬದುಕಿತು. ೧೮೯೬ರಲ್ಲಿ ಹೆಸರಘಟ್ಟದಿಂದ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, ೧೯೭೪ರಲ್ಲಿ ಕಾವೇರಿಯಿಂದ ನೀರು ಬಂದಿತು. ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆಗಳಲ್ಲಿ ಯಂತ್ರಗಳು ಅದನ್ನು ಮೇಲಕ್ಕೆತ್ತಿ, ಒಟ್ಟು ೫೦೦ ಮೀಟರಿನಷ್ಟು ಎತ್ತರಕ್ಕೆ ಏರಿಸುತ್ತವೆ. ಅಷ್ಟು ವಿದ್ಯುತ್ತನ್ನು ವ್ಯಯಮಾಡಿ ತಂದ ನೀರನ್ನು ಗುಲಾಬಿ ಗಿಡಕ್ಕೆ ಸುರಿಯುವುದೂ, ಆಕಾಶವೇ ಮನೆಬಾಗಿಲಿಗೆ ತಂದುಕೊಟ್ಟ ನೀರನ್ನು ಮೋರಿಗೆ ದೂಡುವುದೂ ಏಕಕಾಲದಲ್ಲಿ ನಡೆಯುತ್ತಿದ್ದರೆ ಅದನ್ನು ವಿವೇಕವೆಂದು ಕರೆಯಲಾಗದು.

ಈ ಅವಿವೇಕದ ಬೆಲೆ ಎಷ್ಟೆಂಬುದನ್ನು ೨೦೨೪ರ ವರ್ಷ ಸ್ಪಷ್ಟವಾಗಿ ತೋರಿಸಿತು. ಆ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. ಜನ ಟ್ಯಾಂಕರುಗಳ ಹಿಂದೆ ಓಡಾಡಿದರು. ಮಾರ್ಚ್ ತಿಂಗಳಲ್ಲಿ ಜಲಮಂಡಲಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಏಪ್ರಿಲ್ ತಿಂಗಳಲ್ಲಿ ನಗರದ ವೀಕ್ಷಣಾಲಯದಲ್ಲಿ ಅಳತೆಗೆ ಸಿಗುವಷ್ಟು ಮಳೆಯೇ ಬೀಳಲಿಲ್ಲ. ಆದರೆ ಜೂನ್ ೨ರಂದು ಒಂದೇ ದಿನದಲ್ಲಿ ೧೧೧.೧ ಮಿಲಿಮೀಟರು ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ ಬಿದ್ದು ನೂರು ವರ್ಷಗಳಿಗೂ ಮೇಲಾಗಿದ್ದಿತು. ರಸ್ತೆಗಳು ಹೊಳೆಗಳಾದವು, ಮರಗಳು ಉರುಳಿದವು. ಮೇಲೆ ಹೇಳಿದ ಚಿಕ್ಕ ನಿವೇಶನದ ಮೇಲೆ ಆ ಒಂದು ದಿನ ಬಿದ್ದ ನೀರೇ ೧೨,೦೦೦ ಲೀಟರಿಗಿಂತ ಹೆಚ್ಚು. ಹನಿ ನೀರಿಗಾಗಿ ಪರದಾಡಿದ ಊರು ಮೂರು ತಿಂಗಳೊಳಗೆ ನೀರಿನಲ್ಲಿ ಮುಳುಗಿತು. ಬರ ಮತ್ತು ನೆರೆ ಪರಸ್ಪರ ವಿರುದ್ಧವಾದ ಎರಡು ವಿಪತ್ತುಗಳೆಂದು ಎಣಿಸುವುದು ವಾಡಿಕೆ. ಇಲ್ಲಿ ಅವೆರಡಕ್ಕೂ ತಾಯಿ ಒಬ್ಬಳೇ: ನೀರನ್ನು ಕುಡಿಯಲಾರದ ನೆಲ.

ನೆಲ ನೀರನ್ನು ಕುಡಿಯುವುದು ಹೇಗೆ? ಮೊದಲು ಮರ ತನ್ನ ಎಲೆಗಳಿಂದ ಮಳೆಯ ರಭಸವನ್ನು ಮುರಿಯುತ್ತದೆ. ಎಲೆಯಿಂದ ಎಲೆಗೆ, ಕೊಂಬೆಯಿಂದ ಕಾಂಡಕ್ಕೆ ಇಳಿದ ಹನಿ ನಿಧಾನವಾಗಿ ನೆಲಕ್ಕೆ ಬರುತ್ತದೆ. ನೆಲದ ಮೇಲೆ ಬಿದ್ದ ತರಗೆಲೆ ಅದನ್ನು ಹರಿಯಗೊಡದೆ ತಡೆಯುತ್ತದೆ. ಬೇರುಗಳು ಮಣ್ಣನ್ನು ಸೀಳಿ, ಎರೆಹುಳು ಅದರಲ್ಲಿ ಸುರಂಗಗಳನ್ನು ಕೊರೆದು, ನೀರಿಗೆ ದಾರಿಮಾಡಿಕೊಡುತ್ತವೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರು ನಿಂತು, ಗಿಡಕ್ಕೆ ಬೇಕಾದಷ್ಟನ್ನು ಕೊಟ್ಟು, ಉಳಿದದ್ದು ಕೆಳಕ್ಕೆ ಇಳಿದು ಅಂತರ್ಜಲವನ್ನು ಸೇರುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದ ಮಳೆಗೆ ಈ ಯಾವ ಸತ್ಕಾರವೂ ಇಲ್ಲ. ಬಿದ್ದ ನೀರು ಬಹುಮಟ್ಟಿಗೆ ಬಿದ್ದಂತೆಯೇ ಓಡಿಹೋಗುತ್ತದೆ. ಒಂದು ಕಾಲದಲ್ಲಿ ಮನೆಯ ಹಿತ್ತಲಿನ ಬಾವಿಯಲ್ಲಿ ಹಗ್ಗಕ್ಕೆ ಸಿಗುತ್ತಿದ್ದ ನೀರು ಇಂದು ಬೆಂಗಳೂರಿನ ಹಲವು ಕಡೆಗಳಲ್ಲಿ ೧,೦೦೦ ಅಡಿ ಕೊರೆದರೂ ಸಿಗದಿರುವುದಕ್ಕೆ ಬೇರೆ ಕಾರಣಗಳೊಡನೆ ಇದೂ ಒಂದು.

ಓಡಿಹೋದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪುಸ್ತಕ ಓದಿ ತಿಳಿಯುವುದಕ್ಕಿಂತ ಕಾಲ್ನಡಿಗೆಯಿಂದ ತಿಳಿಯುವುದು ಉತ್ತಮ. ಪುಲಿಕೇಶಿನಗರದಲ್ಲಿ ಪ್ರೊಮೆನೇಡ್ ರಸ್ತೆ ಎಂಬ ರಸ್ತೆಯೊಂದಿದೆ. ಆ ಪದದ ಅರ್ಥವೇ ವಿಹಾರಕ್ಕಾಗಿ ನಡೆಯುವ ದಾರಿ. ನಡೆಯುವುದನ್ನು ಒಂದು ಸುಖವೆಂದು ತಿಳಿದಿದ್ದ ಕಾಲದಲ್ಲಿ ಆ ಹೆಸರು ಬಂದಿರಬೇಕು. ಕೋಲ್ಸ್ ಪಾರ್ಕಿನ ಸಮೀಪದಿಂದ ಹೊರಟವನು ನಿಧಾನವಾಗಿ ನಡೆದರೂ ಅರ್ಧ ಗಂಟೆಯೊಳಗೆ ಹಲಸೂರು ಕೆರೆಯ ಬಳಿಗೆ ಬರುತ್ತಾನೆ. ವಾಹನದಲ್ಲಿ ಹೋಗುವವನಿಗೆ ಈ ದಾರಿ ಸಮತಟ್ಟಾಗಿ ಕಾಣುತ್ತದೆ. ನಡೆಯುವವನ ಮೊಣಕಾಲಿಗೆ ಮಾತ್ರ ಇಳಿಜಾರು ತಿಳಿಯುತ್ತದೆ. ಮಳೆ ನಿಂತ ಕೂಡಲೆ ಹೊರಟರಂತೂ ನೀರೇ ಮಾರ್ಗದರ್ಶಕನಾಗುತ್ತದೆ. ಅದು ಯಾವ ಮನೆಯ ಗೇಟಿನಿಂದ ಹೊರಬಂತು, ಯಾವ ತಿರುವಿನಲ್ಲಿ ನಿಂತಿತು, ಯಾವ ಕಸದ ರಾಶಿಯನ್ನು ಹೊತ್ತುಕೊಂಡಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಮಣ್ಣಿನ ಅಂಗಳವಿರುವ ಮನೆಯ ಮುಂದೆ ನೀರಿನ ಗೆರೆ ಸಣ್ಣದು; ಪೂರ್ತಿ ಕಲ್ಲುಹಾಸಿದ ಮನೆಯ ಮುಂದೆ ಅದು ತೊರೆ. ಈ ವ್ಯತ್ಯಾಸವನ್ನು ಗುರುತಿಸಲು ಯಾವ ಉಪಕರಣವೂ ಬೇಡ.

ಪುಲಿಕೇಶಿನಗರದ ದಕ್ಷಿಣ ಭಾಗದ ಇಳಿಜಾರಿನ ನೀರು ಹಲಸೂರು ಕೆರೆಯತ್ತ ಸಾಗುತ್ತದೆ. ಕೆಂಪೇಗೌಡರ ವಂಶದವರ ಕಾಲದ್ದೆಂದು ಪ್ರತೀತಿಯಿರುವ ಈ ಕೆರೆ ನೂರು ಎಕರೆಗೂ ಹೆಚ್ಚು ವಿಸ್ತಾರವಾದುದು. ಇಲ್ಲಿಂದ ಮುಂದೆ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರಿ, ತಮಿಳುನಾಡನ್ನು ಹಾದು, ಕಡೆಗೆ ಬಂಗಾಳ ಕೊಲ್ಲಿಯಲ್ಲಿ ಬೀಳುತ್ತದೆ. ಹೀಗೆ ಸಮುದ್ರದಿಂದ ನೂರಾರು ಕಿಲೋಮೀಟರು ದೂರವಿರುವ ಒಂದು ಮನೆಯ ಅಂಗಳಕ್ಕೂ ಸಮುದ್ರಕ್ಕೂ ನೇರವಾದ ಸಂಬಂಧವಿದೆ. ಅಂಗಳ ತಡೆಯದೆ ಬಿಟ್ಟ ನೀರು ಬರಿಯ ನೀರಾಗಿ ಹೋಗುವುದಿಲ್ಲ. ರಸ್ತೆಯ ಎಣ್ಣೆ, ಪ್ಲಾಸ್ಟಿಕ್ಕು, ಮೋರಿಯ ಕೊಳೆ ಎಲ್ಲವನ್ನೂ ಕೂಡಿಸಿಕೊಂಡು ಹೋಗುತ್ತದೆ. ೨೦೧೬ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ೨೦೧೭, ೨೦೧೮ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಕೊಳಚೆಯ ನೀರು ಕೆರೆಗಳಿಗೆ ನುಗ್ಗಿದುದೇ ಇದಕ್ಕೆಲ್ಲ ಮುಖ್ಯ ಕಾರಣವಾದರೂ, ಶುದ್ಧವಾದ ಮಳೆಯ ನೀರನ್ನು ಕೊಳಚೆಯೊಡನೆ ಬೆರೆಸಿ ಕಳಿಸುವ ಮನೆಗಳೂ ಈ ಅಪರಾಧದಲ್ಲಿ ಪಾಲುದಾರರಲ್ಲವೆ?

ನೀರು ಕಾಂಪೌಂಡಿನ ಗೋಡೆಯನ್ನು ಗೌರವಿಸುವುದಿಲ್ಲ. ಎತ್ತರದ ಮನೆ ನಿರಾಕರಿಸಿದ ಮಳೆ ತಗ್ಗಿನ ಮನೆಯ ಹೊಸ್ತಿಲನ್ನು ದಾಟುತ್ತದೆ. ಎತ್ತರದಲ್ಲಿರುವವರು ಸಾಮಾನ್ಯವಾಗಿ ಅನುಕೂಲಸ್ಥರು. ತಗ್ಗಿನಲ್ಲಿ, ರಾಜಕಾಲುವೆಯ ಅಂಚಿನಲ್ಲಿ ವಾಸಿಸುವವರು ಹೆಚ್ಚಾಗಿ ಬಡವರು. ಒಬ್ಬನ ಅಂಗಳ ಕೆಸರಿಲ್ಲದೆ ಚೊಕ್ಕಟವಾಗಿರುವುದಕ್ಕಾಗಿ ಇನ್ನೊಬ್ಬನ ಹಾಸಿಗೆ, ಅಕ್ಕಿಯ ಚೀಲ, ಮಕ್ಕಳ ಪುಸ್ತಕ ನೆನೆಯಬೇಕೆಂದರೆ ಅದು ನ್ಯಾಯವಲ್ಲ. ನಿವೇಶನ ತನ್ನದು, ಇಷ್ಟಬಂದಂತೆ ಮಾಡುವ ಹಕ್ಕು ತನ್ನದು ಎಂಬ ವಾದ ಇಲ್ಲಿ ನಿಲ್ಲಲಾರದು. ತನ್ನ ಮನೆಯ ಕಸವನ್ನು ಪಕ್ಕದ ಮನೆಯ ಮುಂದೆ ಸುರಿಯುವ ಹಕ್ಕು ಯಾರಿಗೂ ಇಲ್ಲ; ಹಾಗೆಯೇ ತನ್ನ ಮನೆಯ ನೀರನ್ನು ನುಗ್ಗಿಸುವ ಹಕ್ಕೂ ಇಲ್ಲ. ಆದುದರಿಂದ ಮನೆಯ ಮುಂದಿನ ಒಂದು ತುಂಡು ಮಣ್ಣು ಅಲಂಕಾರದ ವಸ್ತುವೆಂದು ತಿಳಿಯದೆ, ಅದನ್ನು ನೆರೆಯವರಿಗೆ ಸಲ್ಲಬೇಕಾದ ಒಂದು ಋಣವೆಂದು ತಿಳಿಯಬೇಕು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ನಗರದಲ್ಲಿ ನೆಲದ ಬೆಲೆ ಚಿನ್ನದ ಬೆಲೆಯಾಗಿರುವಾಗ ತೋಟಕ್ಕೆ ಜಾಗವೆಲ್ಲಿಂದ ಬರಬೇಕು ಎಂದು ಕೇಳುವವರುಂಟು. ಕೂಡುಕುಟುಂಬ ಬೆಳೆಯಿತು, ಮಕ್ಕಳಿಗೆ ಕೋಣೆ ಬೇಕಾಯಿತು, ಬಾಡಿಗೆಯ ಆದಾಯವಿಲ್ಲದೆ ವೃದ್ಧರ ಜೀವನ ನಡೆಯುವುದಿಲ್ಲ, ಇವೆಲ್ಲ ಸಟೆಯಲ್ಲ. ಎಲ್ಲರೂ ಹಳೆಯ ಬಂಗಲೆಗಳ ಅರ್ಧ ಎಕರೆ ತೋಟಗಳಿಗೆ ಮರಳಬೇಕೆಂದು ಹೇಳುವುದು ವ್ಯರ್ಥ. ಹಾಗೆ ಹೇಳಿದರೆ ತೋಟ ಶ್ರೀಮಂತರ ವಿಲಾಸವಾಗಿ ಉಳಿಯುತ್ತದೆಯೇ ಹೊರತು ಊರಿಗೆ ಉಪಯೋಗವಾಗುವುದಿಲ್ಲ. ಆದರೆ ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ವಾಹನದ ಎರಡು ಚಕ್ರಗಳಿಗೆ ಎರಡು ಕಲ್ಲಿನ ಪಟ್ಟಿಗಳಿದ್ದರೆ ಸಾಕು, ನಡುವಣ ನೆಲ ಮಣ್ಣಾಗಿರಬಹುದು. ಗೋಡೆಯ ಬುಡದಲ್ಲಿ ಎರಡಡಿ ಅಗಲದ ಒಂದು ಪಾತಿಯನ್ನು ಬಿಡಬಹುದು. ಅದರಲ್ಲಿ ಒಂದು ದಾಸವಾಳ, ಒಂದು ಕರಿಬೇವು, ಒಂದು ಬಸಳೆಯ ಬಳ್ಳಿ ಬೆಳೆದರೂ ಆ ಮನೆಗೆ ಹೂವು, ಒಗ್ಗರಣೆ, ಪಲ್ಯ ದೊರೆತು, ಮಣ್ಣಿಗೂ ಉಸಿರು ಬರುತ್ತದೆ. ಎಂಟು ಮನೆಗಳಿರುವ ಕಟ್ಟಡದಲ್ಲಿ ಎಂಟು ಕುಟುಂಬಗಳು ಕೂಡಿ ಒಂದು ಇಂಗುಗುಂಡಿಯನ್ನು ತೋಡಿಸಬಹುದು. ಮಾಳಿಗೆಯ ಮೇಲಿನ ಕುಂಡಗಳು ಕಣ್ಣಿಗೆ ತಂಪು, ಅಡುಗೆಗೆ ಸೊಪ್ಪು ನೀಡುವುದೇನೋ ನಿಜ. ಆದರೆ ಅವು ಅಂತರ್ಜಲವನ್ನು ತುಂಬಲಾರವು. ಆ ಕೆಲಸ ನೆಲದ ಮಣ್ಣಿನಿಂದ ಮಾತ್ರ ಸಾಧ್ಯ.

ಎರಡನೆಯ ಆಕ್ಷೇಪಣೆ ಸೊಳ್ಳೆಯದು. ತೋಟವಿದ್ದರೆ ಸೊಳ್ಳೆ, ಸೊಳ್ಳೆಯಿಂದ ಡೆಂಗಿ ಎಂಬ ಭಯ ಜನರಲ್ಲಿದೆ. ರೋಗದ ಭಯದಿಂದಲೇ ಹುಟ್ಟಿದ ಬಡಾವಣೆಯಲ್ಲಿ ಈ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಸೊಳ್ಳೆ ಬೆಳೆಯುವುದು ನಿಂತ ನೀರಿನಲ್ಲಿ. ಇಂಗುವ ನೀರಿನಲ್ಲಿ ಅಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು. ಒಳ್ಳೆಯ ಮಣ್ಣಿನಲ್ಲಿ ಮಳೆಯ ನೀರು ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಬಿಸುಟ ತೆಂಗಿನ ಚಿಪ್ಪು, ಹಳೆಯ ಟೈರು, ಮುಚ್ಚಳವಿಲ್ಲದ ತೊಟ್ಟಿ, ಕುಂಡದ ಕೆಳಗಿನ ತಟ್ಟೆ, ನೀರು ಹರಿಯದ ಕಾಂಕ್ರೀಟಿನ ತಗ್ಗು, ಇವೇ ಡೆಂಗಿಯ ಸೊಳ್ಳೆಯ ತೊಟ್ಟಿಲುಗಳು. ವಾರಕ್ಕೊಮ್ಮೆ ಇವನ್ನು ಬರಿದುಮಾಡುವ ಮನೆಯಲ್ಲಿ ತೋಟಕ್ಕೆ ಅಂಜಬೇಕಾದುದಿಲ್ಲ.

ಮೂರನೆಯ ಆಕ್ಷೇಪಣೆ ಬಾಯಿಬಿಟ್ಟು ಹೇಳದೆ ಇದ್ದರೂ ಎಲ್ಲಕ್ಕಿಂತ ಬಲವಾದುದು: ಮಣ್ಣೆಂದರೆ ಕೊಳಕು ಎಂಬ ಭಾವನೆ. ಹಿಂದಿನವರು ದಿನವೂ ಅಂಗಳವನ್ನು ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕುತ್ತಿದ್ದರು. ಅವರಿಗೆ ಮಣ್ಣು ಶುಚಿಯ ಆರಂಭವಾಗಿದ್ದಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕಟ್ಟಿದ ಜನಕ್ಕೆ ಕೆಸರಿನಲ್ಲಿ ಅವಮಾನವೇನೂ ಕಾಣಲಿಲ್ಲ. ಇಂದಿನ ಮಕ್ಕಳಲ್ಲಿ ಎಷ್ಟೋ ಮಂದಿ ಬೀಜ ಮೊಳೆಯುವುದನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿರುತ್ತಾರೆ. ಅವರೆಯ ಕಾಳು ಮಣ್ಣನ್ನು ತಲೆಯಿಂದ ನೂಕಿ ಮೇಲೇಳುವುದು, ಹೀರೆಯ ಬಳ್ಳಿ ಆಸರೆ ಹುಡುಕುತ್ತ ಕೈಚಾಚುವುದು, ದಾಸವಾಳದ ಹೂವಿಗೆ ಸೂರಕ್ಕಿ ಬರುವುದು, ನಿಂಬೆಯ ಎಲೆಗಳ ನಡುವೆ ಸಿಂಪಿಗ ಹಕ್ಕಿ ಗೂಡು ಹೊಲಿಯುವುದು, ಇವೆಲ್ಲ ಎರಡಡಿಯ ಪಾತಿಯಲ್ಲಿಯೂ ನಡೆಯುವ ವಿಸ್ಮಯಗಳು. ಇವನ್ನು ನೋಡುತ್ತ ಬೆಳೆದ ಮಗುವಿಗೆ ಮಳೆ ಶಾಲೆಯ ರಜೆಗೆ ನೆಪವಷ್ಟೇ ಆಗಿ ಉಳಿಯುವುದಿಲ್ಲ; ಅದಕ್ಕಾಗಿ ಕಾಯುವ ಸಂತೋಷವೂ ಆ ಮಗುವಿಗೆ ತಿಳಿಯುತ್ತದೆ.

ಕೇವಲ ಮನೆಯವರ ಸದ್ಬುದ್ಧಿಯಿಂದ ಎಲ್ಲವೂ ಸರಿಹೋಗುವುದೆಂದು ನಂಬುವುದೂ ತಪ್ಪು. ಸರ್ಕಾರ ೨೦೦೯ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ೨,೪೦೦ ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ, ೧,೨೦೦ ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಮನೆಗಳಿಗೂ ಮಳೆನೀರಿನ ಕೊಯ್ಲನ್ನು ಕಡ್ಡಾಯಗೊಳಿಸಿತು. ಅದಕ್ಕೂ ಮೊದಲು, ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆ ಅನುಮತಿಯಿಲ್ಲದೆ ಮರ ಕಡಿಯುವುದನ್ನು ನಿಷೇಧಿಸಿದ್ದಿತು. ಕಾನೂನು ಬೇಕು. ಆದರೆ ಹೆಸರಿಗೆ ಒಂದು ಕೊಳವೆಯನ್ನು ಜೋಡಿಸಿ, ಅದರ ಶೋಧಕವನ್ನು ವರ್ಷಾನುಗಟ್ಟಲೆ ತೊಳೆಯದಿದ್ದರೆ ಕಾನೂನು ಪಾಲಿಸಿದಂತೆ ಆಯಿತೇ ಹೊರತು ನೀರು ಉಳಿದಂತೆ ಆಗಲಿಲ್ಲ. ಆಡಳಿತವೂ ತನ್ನ ಪಾಲನ್ನು ಮಾಡಬೇಕು. ರಸ್ತೆಯಂಚಿನ ಮಳೆಮರ, ಹೊಂಗೆಗಳ ಬುಡದವರೆಗೂ ಕಾಂಕ್ರೀಟು ಬಳಿದು, ಅವುಗಳ ಕತ್ತು ಹಿಸುಕುವ ಪದ್ಧತಿ ನಿಲ್ಲಬೇಕು. ಬೇರಿಗೆ ನೀರೂ ಗಾಳಿಯೂ ದೊರೆಯದ ಮರ ಬಿರುಗಾಳಿಗೆ ಉರುಳಿದರೆ ಜನ ಮರವನ್ನು ಬೈಯುತ್ತಾರೆ. ಬುಡವನ್ನು ಮುಚ್ಚಿದವರ ಗೊಡವೆಗೆ ಹೋಗುವುದಿಲ್ಲ.

ಬೆಂಗಳೂರಿನ ಹಸಿರು ತನ್ನಷ್ಟಕ್ಕೆ ತಾನೇ ಬೆಳೆದುದಲ್ಲ. ೧೭೬೦ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ತಳಹದಿ ಹಾಕಿದನು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯಿಂದ ಬಂದ ಕ್ರುಂಬಿಗೆಲ್ ಅವರು ವರ್ಷದ ಎಲ್ಲ ಕಾಲದಲ್ಲಿಯೂ ಯಾವುದಾದರೊಂದು ಸಾಲುಮರ ಹೂಬಿಟ್ಟಿರುವಂತೆ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಅನಂತರ ಮರಿಗೌಡರು ತೋಟಗಾರಿಕೆಯನ್ನು ರಾಜ್ಯದ ಮೂಲೆಮೂಲೆಗೂ ಕೊಂಡೊಯ್ದರು. ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ನಗರದಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿದರು. ಅವರು ಮನೆಮನೆಗೆ ಸಸಿ ಹಂಚಿ, ಅದನ್ನು ಕಾಯುವ ಹೊಣೆಯನ್ನು ಆ ಮನೆಯವರಿಗೇ ಒಪ್ಪಿಸಿದುದರಿಂದ ಅವುಗಳಲ್ಲಿ ಬಹಳಷ್ಟು ಉಳಿದವು. ಮನೆಯವರು ಮತ್ತು ಆಡಳಿತ ಕೈಜೋಡಿಸಿದರೆ ಏನಾಗಬಲ್ಲುದೆಂಬುದಕ್ಕೆ ಇಂದು ರಸ್ತೆಗಳ ಮೇಲೆ ಬೀಳುವ ನೆರಳೇ ಸಾಕ್ಷಿ.

ವಿದ್ಯಾರ್ಥಿಗಳು ಈ ವಿಷಯದಲ್ಲಿ ಬರಿಯ ಕೇಳುಗರಾಗಿರಬೇಕಾದುದಿಲ್ಲ. ಸಮಾನ ಅಗಲದ ಒಂದು ಗಾಜಿನ ಭರಣಿ ಮತ್ತು ಒಂದು ಅಳತೆಪಟ್ಟಿ ಇದ್ದರೆ ಯಾವ ಮಗುವೂ ತನ್ನ ಬೀದಿಯ ಮಳೆಯನ್ನು ಅಳೆದು ದಿನಚರಿಯಲ್ಲಿ ಬರೆದಿಡಬಹುದು. ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಎಷ್ಟು ಮನೆಗಳ ಮುಂದೆ ಮಣ್ಣು ಉಳಿದಿದೆ, ಎಷ್ಟು ಮರಗಳ ಬುಡ ತೆರೆದಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎಣಿಸಿ ಒಂದು ನಕ್ಷೆಯನ್ನು ಮಾಡಬಹುದು. ಒಂದು ತರಗತಿಯ ಮಕ್ಕಳು ಒಂದು ಮಳೆಗಾಲ ಇದನ್ನು ಮಾಡಿದರೆ ಆ ಬಡಾವಣೆಯ ಬಗೆಗೆ ಅವರಿಗೆ ತಿಳಿದಿರುವಷ್ಟು ದೊಡ್ಡವರಲ್ಲಿ ಹೆಚ್ಚು ಮಂದಿಗೆ ತಿಳಿದಿರಲಾರದು. ಮನೆಯಲ್ಲಿ ಅಂಗಳಕ್ಕೆ ಕಲ್ಲು ಹಾಸುವ ಮಾತು ಬಂದ ದಿನ, ಆ ಅಂಗಳ ವರ್ಷಕ್ಕೆ ಎಷ್ಟು ಲೀಟರು ನೀರನ್ನು ಕುಡಿಯುತ್ತದೆ ಎಂಬ ಲೆಕ್ಕವನ್ನು ಹಿರಿಯರ ಮುಂದಿಡುವ ಮಗುವಿನ ಮಾತಿಗೆ ಬೆಲೆ ಬಂದೇ ಬರುತ್ತದೆ.

ಈ ಬಡಾವಣೆಗೆ ಹೆಸರು ಕೊಟ್ಟ ಚಕ್ರವರ್ತಿಯ ರಾಜಧಾನಿ ಬಾದಾಮಿ. ಅಲ್ಲಿಯೂ ದೊಡ್ಡ ನದಿಯಿಲ್ಲ. ಕೆಂಪು ಬಂಡೆಗಳ ಮೇಲೆ ಬಿದ್ದು ಇಳಿದುಬರುವ ಮಳೆಯ ನೀರನ್ನು ಎರಡು ಬೆಟ್ಟಗಳ ನಡುವೆ ಹಿಡಿದಿಟ್ಟ ಅಗಸ್ತ್ಯ ತೀರ್ಥದ ದಡದಲ್ಲಿ ಆ ನಗರ ನೆಲೆಗೊಂಡಿತು. ಐಹೊಳೆಯ ೬೩೪ರ ಶಾಸನ ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳನ್ನು ಕೊಂಡಾಡುತ್ತದೆ. ದಿಗ್ವಿಜಯಗಳು ಇತಿಹಾಸದ ಪುಟ ಸೇರಿದವು. ಮಳೆಯನ್ನು ಹಿಡಿದಿಟ್ಟ ಕೆರೆ ಇಂದಿಗೂ ಬಾದಾಮಿಯಲ್ಲಿದೆ. ಆ ಹೆಸರನ್ನು ಹೊತ್ತ ಊರು, ಪ್ಲೇಗಿನಲ್ಲಿ ಸತ್ತವರ ನೆನಪಿನ ಮೇಲೆ ಕಟ್ಟಿದ ಊರು, ತನ್ನ ಹಿರಿಯರು ಜೀವ ತೆತ್ತು ಕಲಿತ ಪಾಠವನ್ನು ಕೆಲವು ಚೀಲ ಸಿಮೆಂಟಿಗಾಗಿ ಮರೆಯಬಾರದು. ಮುಂದಿನ ಮಳೆ ಬರುವುದಂತೂ ನಿಶ್ಚಯ. ಅದನ್ನು ಬರಮಾಡಿಕೊಳ್ಳಲು ಪ್ರತಿ ಮನೆಯ ಮುಂದೆ ಎರಡಡಿಯಷ್ಟಾದರೂ ಮಣ್ಣು ಉಳಿದಿರಲಿ.